ರಾತ್ರಿ ನೀರಿನ ಪಾಲು

ಪಂದ್ಯಕ್ಕೆ ಸುಮಾರು ನಲವತ್ತು ರೈಡು.
ಜವರಯ್ಯ ಮೇಷ್ಟ್ರು ಹಿಂದಿನ ರಾತ್ರಿಯೇ
ಹೋಟೆಲಿನ ಬಿಲ್ಲಿನ ಬೆನ್ನಿಗೆ ಬರೆದುಕೊಳ್ಳುತ್ತಾರೆ:
ಲಿಖಿತನಿಗೆ ಇಪ್ಪತ್ತೆರಡು, ಇಮ್ದಾದನಿಗೆ ಹನ್ನೆರಡು,
ಮಿಕ್ಕದ್ದು ಬೋರಲಿಂಗನಿಗೆ.

ಮಿಕ್ಕದ್ದು ನನಗೆ.

ಮೂರು ವರ್ಷದ ಹಿಂದೆ ಆ ಇಪ್ಪತ್ತೆರಡು ನನ್ನದಿತ್ತು.
ಮಂಡ್ಯದ ಒಳಾಂಗಣದಲ್ಲಿ ಮ್ಯಾಟು ಹೊಸದು,
ಮೊಣಕಾಲೂ ಹೊಸದರಂತೆ.
ಬೋನಸ್ ಗೆರೆಯಾಚೆ ಬೆರಳೂರಿ ವಾಪಸು ಬಂದರೆ
ಆಲೆಮನೆ ಹುಡುಗರು ಗ್ಯಾಲರಿ ಕಿತ್ತುಹೋಗುವಂತೆ ಶಿಳ್ಳೆ ಹಾಕೋರು.
ಈಗ ಎಡಗಾಲಿಗೆ ಬೆಲ್ಟು, ಬೆಲ್ಟಿನ ಮೇಲೆ ಟೇಪು,
ಟೇಪಿನ ಮೇಲೆ ಹೆಂಡತಿ ಕಟ್ಟಿದ ಕರಿದಾರ.

ಅಪ್ಪ ನೀರುಗಂಟಿ.
ನಾಲೆಯಿಂದ ನಮ್ಮೂರ ತೂಬಿಗೆ ನೀರು ಬಿಟ್ಟ ದಿನ
ಗುದ್ದಲಿ ಹೆಗಲಿಗಿಟ್ಟು ಹೊರಟನೆಂದರೆ
ಪಟೇಲರೂ ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕಾಯಬೇಕು.
ತೂಬಿನ ಬಾಯಿಯ ಗದ್ದೆಗೆ ಹಗಲು ನೀರು,
ನಡುಗದ್ದೆಗೆ ಇಳಿಹೊತ್ತು,
ಕೊನೆಗದ್ದೆಗೆ ರಾತ್ರಿ.
ರಾತ್ರಿ ನೀರಿಗೆ ಕಪ್ಪೆ ಸಾಕ್ಷಿ, ಹೆಚ್ಚೆಂದರೆ ಹಾವು.
ಬೆಳಗಾಗ ನೋಡಿದರೆ ಪೈರಿನ ಬುಡ ನೆಂದಿರುತ್ತಿತ್ತು,
ಹಾಯಿಸಿದ್ದನ್ನು ಯಾರೂ ಕಂಡಿರುತ್ತಿರಲಿಲ್ಲ.

ಮೇಷ್ಟ್ರಿಗೆ ಅಪ್ಪನ ಪರಿಚಯವಿಲ್ಲ.
ಹಂಚುವ ಕೈ ಮಾತ್ರ ಅದೇ.
‘ನಿಂಗೆ ಮೂರ್ನೇದು ಕಣ್ಲಾ ಬೋರ,
ಎಲ್ಡು ಖಾಲಿ ಬಂದ ಮ್ಯಾಲೆ ನೀನೋಗು.’
ಮಾಡು, ಇಲ್ಲವೇ ಮಡಿ ಎನ್ನುವ ರೈಡು ಅದು.
ಪಾಯಿಂಟು ತರಬೇಕು, ತರದಿದ್ದರೆ ಔಟು,
ಎದುರಿನ ಏಳು ಜನಕ್ಕೂ ಅದು ಗೊತ್ತು,
ಕೈಗೆ ಕೈ ಕೊಂಡಿ ಹಾಕಿ
ಬೀಗರನ್ನು ಕಾಯುವ ಹಾಗೆ ಕಾಯುತ್ತಾರೆ.
ಲಿಖಿತನ ಮೈ ಉಳಿಯಲಿ ಎಂದು ನನ್ನ ಮೈ.
ಇರಲಿ. ಆದರೆ ಮುಂದಿನ ವರ್ಷದ ಕರಾರಿಗೆ
ಮಾಲೀಕರು ನೋಡುವುದು ಪಾಯಿಂಟಿನ ಕಾಲಮ್ಮು,
ಮೈಯ ಕಾಲಮ್ಮು ಆ ಹಾಳೆಯಲ್ಲಿಲ್ಲ.

ಹೊಟ್ಟೆ ಉರಿಯಲಿಲ್ಲವೇ? ಉರಿಯಿತು.
ಮೂವರನ್ನು ಎಳೆದುಕೊಂಡು ಅವನು ನಡುಗೆರೆ ಮುಟ್ಟಿದಾಗ
ಚಪ್ಪಾಳೆ ತಟ್ಟುತ್ತ ನಾನು ಎಣಿಸಿದ್ದು ಅವನ ಉಸಿರನ್ನು.
ಹದಿನೆಂಟನೆಯ ರೈಡಿನ ಹೊತ್ತಿಗೆ
ಅವನ ಕಬಡ್ಡಿಯಲ್ಲಿ ‘ಡ್ಡಿ’ ಸವೆದುಹೋಗಿರುತ್ತದೆ.
ಒಂದೇ ಕೋಣೆ ನಮಗೆ. ರಾತ್ರಿ
ಬಾತ್‌ರೂಮಿನ ನಲ್ಲಿ ಜೋರಾಗಿ ತಿರುಗಿಸಿ ಅಳುತ್ತಾನೆ,
ಬಲಭುಜ. ವಯಸ್ಸು ಇಪ್ಪತ್ತೊಂದು.
ತೂಬಿನ ಬಾಯಿಯ ಗದ್ದೆ ಅವನು,
ಎಲ್ಲರ ನೀರೂ ಅದರ ಮೇಲೆಯೇ ಹಾಯಬೇಕು,
ಬದು ಮೊದಲು ಒಡೆಯುವುದೂ ಅಲ್ಲೇ.
ನಾನು ಮಗ್ಗುಲಾಗಿ ನಿದ್ದೆ ಬಂದವನಂತೆ ಮಲಗಿರುತ್ತೇನೆ.

ನಿನ್ನೆ ಮೈಸೂರಿನವರ ಮೇಲೆ
ಒಂದು ಪಾಯಿಂಟು ಮುಂದಿದ್ದೆವು,
ಇಪ್ಪತ್ತೆಂಟು ಸೆಕೆಂಡು ಬಾಕಿ, ರೈಡು ನಮ್ಮದು.
ತರಲೇಬೇಕೆಂದಿಲ್ಲ, ಕಳೆಯಬಾರದು, ಅಷ್ಟೆ.
ಅಭ್ಯಾಸಬಲ, ಲಿಖಿತ ಹೆಜ್ಜೆ ಎತ್ತಿದ.
ಮೇಷ್ಟ್ರು ಕೂಗಲಿಲ್ಲ,
ಅವನಿಗೆ ಅಂಗೈ ತೋರಿ, ಗಲ್ಲ ನನ್ನ ಕಡೆ ತಿರುಗಿಸಿದರು.

ಹೋದೆ. ಬಾಲ್ಕ್ ಗೆರೆ ದಾಟಿ ಕಾಲೂರಿದೆ.
‘ಬಾರಣ್ಣ, ಬಾ’ ಎಂದು ತೊಡೆ ತಟ್ಟಿ ಕರೆದರು.
ಎಡಕ್ಕೆ ಎರಡು, ಬಲಕ್ಕೆ ಎರಡು,
ಕಬಡ್ಡಿ ಕಬಡ್ಡಿ ಕಬಡ್ಡಿ,
ತೂಬಿನ ಬಾಯಿಗೆ ಹೆಂಟೆಯ ಮೇಲೆ ಹೆಂಟೆಯಿಟ್ಟು
ಅಪ್ಪ ಹಿಮ್ಮಡಿಯಲ್ಲಿ ತುಳಿಯುತ್ತಿದ್ದನಲ್ಲ, ಹಾಗೆ.
ಬಿಡುವುದಕ್ಕೆ ಕರೆಯುತ್ತಿದ್ದವರು
ಮುಚ್ಚುವಾಗ ಯಾರೂ ಜೊತೆಗಿರುತ್ತಿರಲಿಲ್ಲ.
ಗ್ಯಾಲರಿಯಿಂದ ಒಬ್ಬ, ‘ನುಗ್ಗಲಾ ಮುದುಕ!’
ನುಗ್ಗಲಿಲ್ಲ.
ಹೂಟರು ಕೂಗುವಾಗ ನನ್ನ ಎಡಗಾಲು
ನಮ್ಮ ಕಡೆಯ ಮ್ಯಾಟಿನ ಮೇಲಿತ್ತು,
ಉಸಿರು ಇನ್ನೂ ಮಿಕ್ಕಿತ್ತು.

ಹುಡುಗರು ಲಿಖಿತನನ್ನು ಹೊತ್ತು ಕುಣಿಯುತ್ತಿದ್ದರು,
ಭುಜ ಜೋಪಾನ ಎಂದು ನಾನೇ ಗದರಿದೆ.
ಸ್ಕೋರು ಬರೆಯುವ ನಾಗರತ್ನ
ಪೆನ್ನು ಎತ್ತಿಕೊಂಡೇ ಕೇಳಿದಳು:
‘ಕೊನೇ ರೈಡು ಸೊನ್ನೆ, ಅಲ್ವಾ ಸಾರ್?’

ಹೌದಮ್ಮ, ಸೊನ್ನೆ.
ಸ್ವಲ್ಪ ದುಂಡಗೆ ಬರಿ.