ನಾಲ್ಕನೆಯ ಚಕ್ರ

ಮೈಸೂರಿನ ಗುಜರಿಯಿಂದ ತಂದ ನಾಲ್ಕು ಅಲಾಯ್ ಚಕ್ರಗಳನ್ನು
ಗೋಣಿಕೊಪ್ಪಲಿನ ಅಂಗಡಿಯೆದುರು ಇಳಿಸಿದಾಗ
ಆಲಿಕುಟ್ಟಿ ಬೆರಳ ಗೆಣ್ಣಿನಿಂದ ತಟ್ಟಿ ನೋಡಿದ,
ಹಲಸಿನ ಹಣ್ಣು ಕೊಳ್ಳುವವರ ಹಾಗೆ.
"ಬೆಂಡಿಲ್ಲ ಸಿಸ್ಟರೇ. ಆದರೆ ಸೆನ್ಸರ್ ಯಾಕೆ?
ಈ ಕಾರಿಗೆ ಅದು ಮುದುಕಿಗೆ ವಜ್ರದೋಲೆ."

ಯಾಕೆಂದರೆ, ಹೋದ ಜನವರಿ,
ತಿತಿಮತಿ ಕಾಡಿನ ನಡುವೆ, ರಾತ್ರಿ ಹತ್ತೂವರೆ,
ಹಿಂದಿನ ಎಡಗಾಲು ಸದ್ದಿಲ್ಲದೆ ಕುಸಿದದ್ದು
ರಿಮ್ಮು ಡಾಂಬರು ಕೆರೆದ ಮೇಲೆಯೇ ತಿಳಿದದ್ದು.
ಜಾಕ್ ಇತ್ತು. ಸ್ಪ್ಯಾನರ್ ಇತ್ತು.
ಪಕ್ಕದಲ್ಲೇ ಬಿದಿರು ಮುರಿಯುವ ಸದ್ದೂ ಇತ್ತು.
ದೀಪ ಆರಿಸಿ, ಗಾಜು ಏರಿಸಿ,
ಲಸಿಕೆಯ ಡಬ್ಬ ಮಡಿಲಲ್ಲಿಟ್ಟುಕೊಂಡು ಕೂತೆ
ಮೈಸೂರಿನ ಕಡೆಯ ಬಸ್ಸು ಬರುವ ತನಕ.

ಇಪ್ಪತ್ತಾರು ವರ್ಷ ಜನರ ತೋಳಿಗೆ ಪಟ್ಟಿ ಸುತ್ತಿದ್ದೇನೆ.
"ನಂಗೇನಾಗಿದೆ, ಈಗಷ್ಟೇ ಮರ ಕಪಾತು ಮಾಡಿ ಬಂದೆ"
ಅಂದ ಚಿಟ್ಟಿಯಪ್ಪನ ಪಾದರಸ
ಇನ್ನೂರರಿಂದ ಇಳಿಯಲೊಲ್ಲದು.

ಅಸ್ಸಾಮಿನ ಹುಡುಗ ರಫೀಕುಲ್ ವಾಲ್ವ್ ಕಿತ್ತ.
ಬುಸ್ಸೆಂದು ಹೊರಟಿತು ಯಾರದೋ ಹಳೆಯ ಗಾಳಿ,
ಯಾವ ಊರಿನ ಬಂಕಿನಲ್ಲಿ, ಯಾರು ತುಂಬಿಸಿದ್ದೋ,
ರಬ್ಬರು, ಧೂಳು, ಸ್ವಲ್ಪ ಹುಳಿವಾಸನೆ.
ಮೂರನೆಯದರೊಳಗೆ ಸಿಕ್ಕಿತು
ಮೊದಲಿನ ಕಾರಿನದೇ ಒಂದು ಸೆನ್ಸರ್, ಹುಣಸೆಬೀಜದ ಬಣ್ಣ.
"ಬ್ಯಾಟರಿ ಸತ್ತಿದೆ" ಅಂದ ಆಲಿಕುಟ್ಟಿ.
"ಗುಜರಿಯಲ್ಲೂ ಕೊಂಚ ದಿನ ಲೆಕ್ಕ ಒಪ್ಪಿಸುತ್ತಲೇ ಇದ್ದಿರಬೇಕು ಪಾಪ."
ಯಾರಿಗೆ?
ಕಾರು ಆಗಲೇ ತುಂಡಾಗಿ ಕಬ್ಬಿಣವಾಗಿ ಹೋಗಿತ್ತಲ್ಲ.
ಬಿಸಾಡಬೇಡ ಎಂದು ಕೋಟಿನ ಜೇಬಿಗೆ ಹಾಕಿಕೊಂಡೆ,
ಸೂಜಿಯ ಮುಚ್ಚಳಗಳ ಜೊತೆ.

ಹೊಸವು ಕೂತವು. ಸ್ಕ್ಯಾನರಿಗೆ ಮೂರು ಓಗೊಟ್ಟವು.
ನಾಲ್ಕನೆಯದು ಮೌನ.
"ಓಡಿಸಿ, ತಿರುಗಿದರೆ ಎಚ್ಚರವಾಗುತ್ತದೆ."
ಮೂವತ್ತೆರಡು, ಮೂವತ್ತೆರಡು, ಮೂವತ್ತೊಂದು,
ಆಮೇಲೊಂದು ಖಾಲಿ ಗೆರೆ.
ಪೊನ್ನಂಪೇಟೆಯ ತಿರುವಿನವರೆಗೂ
ರಸ್ತೆಗಿಂತ ಆ ಗೆರೆಯನ್ನೇ ಹೆಚ್ಚು ನೋಡಿದೆ.
ಹೇಳು, ಹೇಳು ಅಂತ ಬಾಯಿಬಿಟ್ಟೇ ಅಂದಿರಬೇಕು;
ಹಾಲಿನ ಗಾಡಿಯವನು ತಿರುಗಿ ನೋಡಿದ.
ಆಗ ಮೂಡಿತು: ಇಪ್ಪತ್ತೊಂಬತ್ತು.
ಕಡಿಮೆ. ಆದರೂ ಒಂದು ಸಂಖ್ಯೆ.

ಮಾರನೆಯ ಬೆಳಿಗ್ಗೆ ಇಬ್ಬನಿ, ಹಲ್ಲು ಕಡಿಯುವ ಚಳಿ.
ನಾಲ್ಕೂ ಎರಡೆರಡು ಇಳಿದು
ಹಳದಿ ದೀಪ ಹೊತ್ತಿಕೊಂಡಿತ್ತು.
ಚಳಿಗೆ ಗಾಳಿಯೂ ಮುದುಡುತ್ತದೆ,
ಬಿರುನಾಣಿ ದಾರಿಯಲ್ಲಿ ಬಿಸಿಲು ಬಿದ್ದರೆ ಸರಿಹೋಗುತ್ತದೆ,
ಗೊತ್ತು.
ಆದರೂ ಇಳಿದು,
ಚಪ್ಪಲಿ ಕಾಲಲ್ಲಿ
ಒಂದೊಂದಕ್ಕೂ ಒದ್ದು ನೋಡಿದೆ.