ಷರಾ

ನಲವತ್ತೊಂದನೆಯ ವಾಲ್ವು ಎಡಕ್ಕೆ ತಿರುಗಿಸಿದರೆ ಮುಚ್ಚುತ್ತದೆ,
ಊರಿನ ಉಳಿದೆಲ್ಲವೂ ಬಲಕ್ಕೆ.
ವಾಲ್ಪರೈಸೊ ನೀರಿನ ಕಚೇರಿಯಲ್ಲಿ ಇದು ಗೊತ್ತಿದ್ದದ್ದು
ಎಲೆಯುಟೇರಿಯೊ ಮನ್ರಿಕೆಸ್‌ನ ಮಣಿಕಟ್ಟಿಗೆ ಮಾತ್ರ.

"ಮೂವತ್ತು ವರ್ಷ. ಯಾಕೆ ಬರೆದಿಡಲಿಲ್ಲ?"
"ನಿಮ್ಮ ಫಾರಮ್ಮಿನಲ್ಲಿ ಅದಕ್ಕೆ ಮನೆಯೆಲ್ಲಿತ್ತು?"

ನಿವೃತ್ತಿಗೆ ಒಂಬತ್ತು ದಿನ.
ತಿಳಿದದ್ದೆಲ್ಲ ದಾಖಲಾಗಬೇಕೆಂದು ಕಂಪನಿಗೆ ಈಗ ಅವಸರ.
ಅವನ ಹಿಂದೆ ಮೆಟ್ಟಿಲು ಹತ್ತಿದೆ, ಟ್ಯಾಬ್ಲೆಟ್ ಹಿಡಿದು,
ಗುಡ್ಡದಿಂದ ಗುಡ್ಡಕ್ಕೆ.
ಮುಚ್ಚಳ ಎತ್ತುವನು, ಮೂಸುವನು, "ಹ್ಞೂಂ" ಅನ್ನುವನು.
ಆ ಹ್ಞೂಂ ಅನ್ನು ಏನೆಂದು ಟೈಪಿಸಲಿ?

ಷರಾ ಕಾಲಮ್ಮಿಗೆ ನಲವತ್ತೇ ಅಕ್ಷರ.
ಬರೆದೆ: ಎಡಕ್ಕೆ. ಅರ್ಧದಲ್ಲಿ ಕಚ್ಚಿಕೊಳ್ಳುತ್ತದೆ. ಬಯ್ಯಬೇಕು.
ಮೇಲಧಿಕಾರಿ ಕೊನೆಯ ಪದ ಹೊಡೆದುಹಾಕಿದ;
ನಾನು ಮತ್ತೆ ಸೇರಿಸಿದೆ.

ಜುಲೈ ಚಳಿಯ ನಡುರಾತ್ರಿ, ಪೈಪು ಒಡೆದು ಬೀದಿಯೇ ಹೊಳೆ.
ಹೊಸ ಹುಡುಗ ನಿಕಾನೋರ್ ಫೋನಿನಲ್ಲಿ:
"ಮೇಡಂ, ಬಯ್ಯಬೇಕು ಅಂದರೆ? ಯಾರನ್ನ?"
"ಅದನ್ನೇ. ಬಯ್ದು ಮುಗಿಯೋವರೆಗೂ ಕೈ ಬಿಡಬೇಡ."

ಅವನಮ್ಮ ಕೇಳಬಾರದಂಥ ಮಾತು ಕೇಳಿಸಿತು,
ಕಬ್ಬಿಣದ್ದೊಂದು ಕಿರುಗುಟ್ಟು,
ಆಮೇಲೆ, ನೀರಿನ ಸದ್ದು ನಿಂತಲ್ಲಿ,
ಯಾರೂ ಕಲಿಸದ ಒಂದು
"ಹ್ಞೂಂ".