ಕಂಕುಳಲ್ಲಿ ಕಿತ್ತಳೆ

ವಾಲ್ನೂರಿನ ಹೊಳೆಯಲ್ಲಿ, ಬಂಡೆಗಳ ನಡುವೆ
ಮೊಣಕಾಲುದ್ದ ನೀರಿಗೆ ಇಳಿಸಿ
ಬೊಳ್ಳಮ್ಮ ಮಾವಿ ನನ್ನ ಕೈ ಕಟ್ಟಿದಳು.
ಕೋಲಿನ ಬುಡ, ಮುಂಗೈ, ಎರಡನ್ನೂ ಕೂಡಿಸಿ
ಬಾಳೆನಾರಿನಿಂದ ಏಳು ಸುತ್ತು,
ಕರುವಿನ ಮುರಿದ ಕಾಲಿಗೆ ದಬ್ಬೆ ಕಟ್ಟುವ ಹಾಗೆ.
ಗಂಟು ಮಾತ್ರ ನನ್ನ ಹಲ್ಲಿನಿಂದಲೇ ಹಾಕಿಸಿದಳು.
ಆಮೇಲೆ ಕಂಕುಳಿಗೊಂದು ಕಿತ್ತಳೆ.
"ಮೊಣಕೈ ಎತ್ತಿದರೆ ಹಣ್ಣು ಹೊಳೆಗೆ. ನಾನು ಬಗ್ಗೋಳಲ್ಲ."

ಕಟ್ಟುವ ಮುಂಚೆ ಮೂರು ಸಲ ಬೀಸಿದ್ದೆ.
ನನ್ನದು ಹಾಕಿಯ ಮಣಿಕಟ್ಟು.
ಅಮ್ಮತ್ತಿಯ ಮೈದಾನದಲ್ಲಿ ಹದಿನಾರು ವರ್ಷ
ಎಡಕ್ಕೆಂದು ಸುಳ್ಳು ಹೇಳಿ ಬಲಕ್ಕೆ ತಿರುಗಿದ್ದು,
ಎದುರಾಳಿ ಹಾಗಿರಲಿ, ಚೆಂಡಿಗೂ
ಕೊನೆಯ ಗಳಿಗೆಯ ತನಕ ಗೊತ್ತಾಗದ ಹಾಗೆ.
ಇಲ್ಲಿ ಆ ಜಾಣತನಕ್ಕೆ ಮೂರು ಕಾಸಿನ ಬೆಲೆಯಿಲ್ಲ.
ಹಿಂದಕ್ಕೆ ಬೀಸಿದೆ, ಮಣಿಕಟ್ಟು ತಾನೇ ಮಡಚಿತು,
ಕೋಲಿನ ತುದಿ ಬೆನ್ನ ಹಿಂದೆ ನೀರು ಕುಡಿಯಿತು,
ದಾರ ಹೊಳೆಮತ್ತಿಯ ಕೊಂಬೆ ಹಿಡಿಯಿತು,
ಕೊಂಬೆ ನನ್ನನ್ನು.

ಮೂವತ್ತೊಂದು ವರ್ಷ ಅಂಚೆ ಕಚೇರಿಯಲ್ಲಿ
ಠಸ್ಸೆ ಒತ್ತಿದವಳು ಮಾವಿ. ಅವಳ ವ್ಯಾಕರಣ ಅಲ್ಲಿಯದೇ.
"ಹತ್ತಕ್ಕೆ ತೆರೆ, ಒಂದಕ್ಕೆ ಮುಚ್ಚು.
ಕೋಲು ಅನ್ನೋ ಮುಳ್ಳು ಅಷ್ಟರೊಳಗೇ ಓಡಾಡಲಿ.
ಮೂರು ಗಂಟೆಗೆ ಹೋದೆ ಅಂದ್ರೆ ಮತ್ತೆ ಆ ಕೊಂಬೆಯೇ.
ಠಸ್ಸೆ ಎಲ್ಲಿಂದ ಬೀಳುತ್ತೆ? ಮೊಣಕೈಯಿಂದ.
ಮೊದಲು ಮೆಲ್ಲ, ಆಮೇಲೆ ಜೋರು, ಆಮೇಲೆ ಇಲ್ಲ.
ಆ 'ಇಲ್ಲ' ಇದೆಯಲ್ಲ, ಅದೇ ಹೊಡೆತ ಕುಞ್ಞಿ.
ನೀನು ನಿಂತರೆ ದಾರ ಹೋಗುತ್ತೆ.
ನೀನೂ ಜೊತೆಗೆ ಹೊರಟರೆ ಅದು ಯಾಕೆ ಹೋಗಬೇಕು?"

ಎತ್ತಿದೆ. ನಿಲ್ಲಿಸಿದೆ. ಕಾದೆ.
ಕಾಯುವುದನ್ನು ಮೈದಾನದಲ್ಲಿ ಯಾರೂ ಕಲಿಸಿರಲಿಲ್ಲ.
ಬೆನ್ನ ಹಿಂದೆ, ಕಾಣದ ಕಡೆ, ಏನೋ ನೆಟ್ಟಗಾಗುತ್ತಿದೆ;
ಅದರ ಸಣ್ಣ ಜಗ್ಗು ಹೆಬ್ಬೆರಳಿಗೆ ಬಂದರೆ ಮಾತ್ರ ಮುಂದಕ್ಕೆ.
ನಾರು ಚರ್ಮ ಕೊಯ್ದಿತು.
ಎರಡು ಕಿತ್ತಳೆ ದುಬಾರೆಯ ಕಡೆಗೆ ಹೋದವು,
ಮೂರನೆಯದು ಕಂಕುಳಲ್ಲೇ ಬೆಚ್ಚಗಾಯಿತು.
ಹನ್ನೊಂದರ ಬಿಸಿಲಿಗೆ ದಾರ ಮೊದಲ ಸಲ
ತನ್ನ ಮೇಲೆ ತಾನೇ ಮಗುಚಿ
ಕಿರಿದಾದ ಸುರುಳಿಯಾಗಿ ಬಂಡೆ ದಾಟಿತು,
ನೆಟ್ಟಗೆ ಮಲಗಿತು.
ಹುಂಜದ ಕುತ್ತಿಗೆ ಗರಿಯ ನೊಣ ಸದ್ದಿಲ್ಲದೆ ಇಳಿದು
ಅಲ್ಲಾಡದೆ ಕೂತಿತು.

ಮೀನು ಬರಲಿಲ್ಲ.
ಇಪ್ಪತ್ತು ಸಲ ಅದೇ ಗೆರೆ. ಇಪ್ಪತ್ತು ಸಲವೂ ಬರಲಿಲ್ಲ.

"ಕೊಡಿಲ್ಲಿ" ಅಂದಳು. ಹಲ್ಲಿನಿಂದಲೇ ಬಿಚ್ಚಿಕೊಟ್ಟೆ.

ಆ ಕೈಗೆ ಮನೆಯಲ್ಲೀಗ ಲೋಟದ ಅರ್ಧಕ್ಕೇ ಕಾಫಿ.
ತೋಳು ಮಾತ್ರ ಹಳೆಯ ಠಸ್ಸೆಯ ತೋಳು:
ಮೆಲ್ಲ, ಜೋರು, ಇಲ್ಲ.
ಆದರೆ ತೋಳು ನಿಂತರೂ ಬೆರಳು ನಿಲ್ಲಲಿಲ್ಲ,
ನಡುಕ ಕೋಲಿಗೆ ಹತ್ತಿತು, ತುದಿಯಿಂದ ದಾರಕ್ಕೆ ಇಳಿದು
ಗಾಳಿಯುದ್ದಕ್ಕೂ ಪುಟ್ಟ ಅಲೆಗಳಾಗಿ ಓಡಿತು.
ನನ್ನದಕ್ಕಿಂತ ಕೆಟ್ಟ ಗೆರೆ. ಪರೀಕ್ಷೆಯಾದರೆ ಫೇಲು.
ನೀರ ಮೇಲೆ ನೊಣ ನಡುಗುತ್ತ ಕೂತಿತು.
ಹೊಳೆಗೆ ಬಿದ್ದ ಯಾವ ಹುಳ ತಾನೇ
ನೆಮ್ಮದಿಯಾಗಿ ಕೂರುತ್ತದೆ?

ಬಿಳಿಮೀನು ತಳದಿಂದ ಎದ್ದು ಬಂತು.
ರೀಲು ಕಿರುಚಿದ್ದು, ನಾನು ಜಾರಿ ಬಿದ್ದದ್ದು, ಅದೆಲ್ಲ ಬೇಡ.
ಕೊನೆಗೆ ಕೊಕ್ಕೆ ಬಿಡಿಸಿ, ಹೊಟ್ಟೆಯ ಕೆಳಗೆ ಕೈಯಿಟ್ಟು
ಹರಿವಿಗೆ ಮುಖ ಮಾಡಿ ಹಿಡಿದೆ, ಕಿವಿರು ಆಡುವ ತನಕ.
ಹೋಗುವಾಗ ಬಾಲ ನನ್ನ ಮಣಿಕಟ್ಟಿಗೆ,
ನಾರಿನ ಗಾಯದ ಮೇಲೇ, ಬಡಿದು ಹೋಯಿತು.
ಅದಕ್ಕೆ ತೋಳಿಲ್ಲ, ಮೊಣಕೈಯಿಲ್ಲ,
ಮೈಯೆಲ್ಲ ಮಣಿಕಟ್ಟೇ.

"ಹಾಗಾದರೆ ನನಗೆ ಈ ಕಟ್ಟು ಯಾಕೆ ಮಾವಿ?"
"ನಿಲ್ಲೋದು ಕಲಿ ಮೊದಲು.
ನಡುಗೋಕೆ ಯಾರೂ ಪಾಠ ಹೇಳಿಕೊಡಬೇಕಿಲ್ಲ."
ಬಂಡೆಯ ಮೇಲೆ ಕೂತು ಕಿತ್ತಳೆ ನನ್ನಿಂದ ಸುಲಿಸಿದಳು.
ಬೆವರಿನ ರುಚಿ ಎಂದು ಬೈಯುತ್ತಲೇ
ಎಂಟು ತೊಳೆ ತಾನು ತಿಂದು
ನನಗೆ ಎರಡು ಕೊಟ್ಟಳು.